ಎರಡಕ್ಕಿಂತ ಮೊದಲು ಹತ್ತು ಬರುವ ಪಟ್ಟಿಗಳು

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ 347 ಸದಸ್ಯರಿದ್ದಾರೆ. ಎಕ್ಸೆಲ್‌ನಲ್ಲಿರುವ ಪಟ್ಟಿಯನ್ನು ಸದಸ್ಯ ಸಂಖ್ಯೆಯ ಪ್ರಕಾರ ಸಾರ್ಟ್ ಮಾಡಿದರೆ ಮೊದಲು 1, 2, 3 ಎಂದು ಸರಿಯಾಗಿಯೇ ಹೋಗುತ್ತದೆ, ಆದರೆ ನಡುನಡುವೆ ಕೆಲವು ಸಂಖ್ಯೆಗಳು ಇರುವುದಿಲ್ಲ. ಅವು ಕೊನೆಯಲ್ಲಿ 10, 100, 101, 11 ಎಂಬ ಕ್ರಮದಲ್ಲಿ ಇನ್ನೊಂದು ಗುಂಪಾಗಿ ಬರುತ್ತವೆ. ನನಗಿಂತ ಹಿಂದೆ ಇದ್ದವರು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ ಸಂಖ್ಯೆಗಳೂ ಅಲ್ಲೇ ಇವೆ. ಅಣ್ಣತಮ್ಮಂದಿರು ಭಾಗವಾದಾಗ ಕೊಟ್ಟ 12/3, 112/1 ಬಗೆಯ ಸಂಖ್ಯೆಗಳಲ್ಲಿ ಕೆಲವು ತಾರೀಖಾಗಿಬಿಟ್ಟಿವೆ. ನನ್ನ ಅಣ್ಣನ ಮಗ ಮೊಬೈಲ್‌ನಲ್ಲಿ ನೋಡಲು ಮಾಡಿಕೊಟ್ಟಿರುವ ಪುಟದಲ್ಲೂ 9ಕ್ಕಿಂತ ಮೊದಲು 10 ಬರುತ್ತದೆ. ಬಟವಾಡೆಯ ದಿನ ಸದಸ್ಯರ ಸಾಲು ಹುಡುಕುವುದೇ ಕೆಲಸವಾಗಿದೆ. ಇದಕ್ಕೆ ಪರಿಹಾರವೇನು? ಕನ್ನಡ ಅಂಕಿಯನ್ನು ಪೂರ್ತಿ ಬಿಟ್ಟುಬಿಡಬೇಕೇ?

ಉತ್ತರ: ಪರಿಹಾರಕ್ಕೆ ಕೈ ಹಾಕುವ ಮೊದಲು ಎರಡು ಕೆಲಸ ಮಾಡಿ. ಈಗಿರುವ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಆಮೇಲೆ ಪಟ್ಟಿಯ ಕೊನೆಯಲ್ಲಿ ಹೊಸದೊಂದು ಕಾಲಂ ತೆರೆದು, ಈಗ ಸಾಲುಗಳು ಹೇಗಿವೆಯೋ ಅದೇ ಕ್ರಮದಲ್ಲಿ 1ರಿಂದ 347ರವರೆಗೆ ಕ್ರಮಸಂಖ್ಯೆ ತುಂಬಿ. ಮುಂದೆ ಎಷ್ಟು ಬಾರಿ ಸಾರ್ಟ್ ಮಾಡಿ ಕೆಡಿಸಿಕೊಂಡರೂ ಈ ಕಾಲಂನ ಮೇಲೆ ಸಾರ್ಟ್ ಮಾಡಿದರೆ ಪಟ್ಟಿ ಇಂದಿನ ಸ್ಥಿತಿಗೆ ಮರಳುತ್ತದೆ. ಸದಸ್ಯ ಸಂಖ್ಯೆಯ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಒತ್ತಿದರೆ, ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಬೇಕೇ ಅಥವಾ ಆರಿಸಿದ್ದಷ್ಟನ್ನೇ ಜೋಡಿಸಬೇಕೇ ಎಂದು ಎಕ್ಸೆಲ್ ಕೇಳುತ್ತದೆ. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಸಂಖ್ಯೆಗಳು ಮಾತ್ರ ಸ್ಥಳ ಬದಲಿಸುತ್ತವೆ, ಹೆಸರು, ಹಾಲಿನ ಲೀಟರು, ಬ್ಯಾಂಕ್ ಖಾತೆ ಎಲ್ಲವೂ ಇದ್ದಲ್ಲೇ ಉಳಿಯುತ್ತವೆ. ಪಟ್ಟಿ ನೋಡಲು ಅಂದವಾಗಿಯೇ ಇರುತ್ತದೆ, ಆದರೆ ಒಬ್ಬರ ಹಾಲಿನ ದುಡ್ಡು ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಕ್ರಮ ತಪ್ಪಿದ ಪಟ್ಟಿಗಿಂತ ಹೀಗೆ ಕ್ರಮಕ್ಕೆ ಬಂದ ಪಟ್ಟಿ ಹೆಚ್ಚು ಅಪಾಯಕಾರಿ. ಆದ್ದರಿಂದ ಸಾರ್ಟ್ ಮಾಡುವಾಗಲೆಲ್ಲ ಇಡೀ ಕೋಷ್ಟಕವನ್ನು ಆರಿಸಿಕೊಂಡೇ ಮಾಡಿ.

ಈಗ ಕಾರಣಕ್ಕೆ ಬರೋಣ. ಕನ್ನಡದಲ್ಲಿ ಅಂಕಿ ಮತ್ತು ಸಂಖ್ಯೆ ಎಂಬ ಎರಡು ಪದಗಳಿವೆ. ಅಂಕಿ ಎಂದರೆ ಬರೆಯುವ ಗುರುತು, ಸಂಖ್ಯೆ ಎಂದರೆ ಆ ಗುರುತುಗಳು ಸೂಚಿಸುವ ಬೆಲೆ. ಮಾತಿನಲ್ಲಿ ನಾವು ಇವೆರಡನ್ನೂ ಕಲಸಿ ಬಳಸುತ್ತೇವೆ, ಕಂಪ್ಯೂಟರ್ ಹಾಗೆ ಮಾಡುವುದಿಲ್ಲ. ಒಂದು ಸೆಲ್‌ನಲ್ಲಿ 10 ಎಂದು ಕಾಣುತ್ತಿದ್ದರೆ ಅದರೊಳಗೆ ಹತ್ತು ಎಂಬ ಬೆಲೆ ಇರಬಹುದು, ಇಲ್ಲವೇ ಒಂದು ಮತ್ತು ಸೊನ್ನೆ ಎಂಬ ಎರಡು ಗುರುತುಗಳ ಬರಹ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಬೆಲೆಯಾಗಿದ್ದರೆ ಅದನ್ನು ಬೆಲೆಯಂತೆ ಹೋಲಿಸಲಾಗುತ್ತದೆ, ಎರಡು ಮೊದಲು, ಹತ್ತು ಆಮೇಲೆ. ಬರಹವಾಗಿದ್ದರೆ ನಿಘಂಟಿನ ರೀತಿಯಲ್ಲಿ ಹೋಲಿಸಲಾಗುತ್ತದೆ. ನಿಘಂಟಿನಲ್ಲಿ ‘ಅರಮನೆ’ ಮೊದಲು, ‘ಆನೆ’ ಆಮೇಲೆ. ‘ಆನೆ’ ಚಿಕ್ಕ ಪದ ಎಂಬ ಕಾರಣಕ್ಕೆ ಅದನ್ನು ಯಾರೂ ಮುಂದಕ್ಕೆ ತರುವುದಿಲ್ಲ. ಮೊದಲ ಅಕ್ಷರದಲ್ಲೇ ತೀರ್ಮಾನವಾದರೆ ಮುಂದಿನ ಅಕ್ಷರಗಳನ್ನು ನೋಡುವ ಅಗತ್ಯವೇ ಇಲ್ಲ. ಅದೇ ನ್ಯಾಯದಲ್ಲಿ 10 ಮತ್ತು 2 ಎಂಬ ಬರಹಗಳನ್ನು ಹೋಲಿಸಿದಾಗ ಮೊದಲ ಗುರುತಾದ 1 ಎಂಬುದು 2ಕ್ಕಿಂತ ಮೊದಲಿನದು, ಹಾಗಾಗಿ ಹತ್ತು ಮೊದಲು ಬರುತ್ತದೆ. 100 ಮತ್ತು 101 ಇವೆರಡೂ 11ಕ್ಕಿಂತ ಮೊದಲು ಬರುವುದೂ ಇದೇ ಲೆಕ್ಕದಲ್ಲಿ.

ಮಂಡ್ಯ, ಮೈಸೂರಿನವರಿಗೆ ಇದರ ಪರಿಣಾಮ ತಿಳಿಯಲು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಒಂದು ವರ್ಷದ ದಿನವಹಿ ಮಟ್ಟಗಳನ್ನು ಬರಹವಾಗಿ ಇಟ್ಟು, ಹೆಚ್ಚಿನದು ಮೇಲೆ ಬರುವಂತೆ ಸಾರ್ಟ್ ಮಾಡಿದರೆ 99.10 ಎಲ್ಲಕ್ಕಿಂತ ಮೇಲೆ, 89.50 ಅದರ ಕೆಳಗೆ, ಕಟ್ಟೆ ತುಂಬಿ ಹರಿದ ದಿನದ 124.80 ಅವೆರಡಕ್ಕಿಂತ ಕೆಳಗೆ ಬರುತ್ತದೆ. ಆ ಪಟ್ಟಿಯ ಮೇಲಿನ ಸಾಲನ್ನು ನೋಡಿ ಯಾರಾದರೂ ವರದಿ ಬರೆದರೆ ಆ ವರ್ಷ ನೂರು ಅಡಿಯೂ ತುಂಬಲಿಲ್ಲ ಎಂದು ಬರೆದಂತಾಗುತ್ತದೆ.

ನಾನು ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಬಹಳ ವರ್ಷಗಳ ಹಿಂದೆ ಮೈಸೂರಿನ ಒಂದು ಕಚೇರಿಯ ಗೋಡೆಗೆ ಅರ್ಜಿದಾರರ ಪಟ್ಟಿ ಅಂಟಿಸಿದ್ದರು. ವಯಸ್ಸಾದ ಒಬ್ಬ ತಾಯಿ ತನ್ನ ಚೀಟಿಯಲ್ಲಿದ್ದ 9ನ್ನು ಹುಡುಕುತ್ತಾ ಮೊದಲ ಹಾಳೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದರು. 1 ಆದ ಮೇಲೆ 10, ಅದರ ಕೆಳಗೆ 100, ಆಮೇಲೆ 101. ಒಂಬತ್ತು ದಾಟಿ ಹೋಯಿತಲ್ಲ ಎಂದುಕೊಂಡು, ತನ್ನ ಹೆಸರು ಬಂದಿಲ್ಲವೆಂದು ತೀರ್ಮಾನಿಸಿ ಮೆಟ್ಟಿಲಿಳಿದು ಹೊರಟರು. ಅವರ ಹೆಸರು ಕೊನೆಯ ಹಾಳೆಯಲ್ಲಿ, 89ರ ಕೆಳಗೆ ಇತ್ತು. ಓಡಿಹೋಗಿ ಕರೆದುಕೊಂಡು ಬಂದೆ. ಕರೆಯದೆ ಹೋದವರು ಇನ್ನೆಷ್ಟು ಮಂದಿಯೋ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ನಿಮ್ಮ ಪಟ್ಟಿಯಲ್ಲಿ ಎರಡು ಗುಂಪು ಕಾಣುತ್ತಿರುವುದೇ ರೋಗದ ಗುರುತು. ಎಲ್ಲ ಸಂಖ್ಯೆಗಳೂ ಬರಹವಾಗಿದ್ದರೆ ಮೊದಲಿನಿಂದಲೇ 1, 10, 100 ಎಂದು ಬರುತ್ತಿತ್ತು. ಏರಿಕೆಯ ಕ್ರಮದಲ್ಲಿ ಎಕ್ಸೆಲ್ ಮೊದಲು ನಿಜವಾದ ಸಂಖ್ಯೆಗಳನ್ನು ಇಟ್ಟು, ಅವು ಮುಗಿದ ಮೇಲೆ ಬರಹಗಳನ್ನು ಇಡುತ್ತದೆ. ಖಾಲಿ ಸೆಲ್‌ಗಳು ಯಾವಾಗಲೂ ಕೊನೆಗೆ. ಹಾಗಾಗಿ ನಿಮ್ಮ ಕಾಲಂನಲ್ಲಿ ಎರಡೂ ಬೆರೆತಿವೆ ಎಂಬುದರಲ್ಲಿ ಅನುಮಾನವಿಲ್ಲ. ಕಣ್ಣಿಗೂ ಇದನ್ನು ಗುರುತಿಸಬಹುದು. ಯಾರೂ ಅಲೈನ್‌ಮೆಂಟ್ ಬದಲಿಸಿಲ್ಲವಾದರೆ ಸಂಖ್ಯೆಗಳು ಸೆಲ್‌ನ ಬಲಕ್ಕೆ ಒತ್ತಿಕೊಂಡಿರುತ್ತವೆ, ಬರಹಗಳು ಎಡಕ್ಕೆ. ಬರಹವಾಗಿ ಉಳಿದ ಸಂಖ್ಯೆಯ ಸೆಲ್‌ಗೆ ಎಡಭಾಗದ ಮೇಲ್ಮೂಲೆಯಲ್ಲಿ ಹಸಿರು ಬಣ್ಣದ ಪುಟ್ಟ ತ್ರಿಕೋನವೂ ಕಾಣಿಸುತ್ತದೆ. ಅದನ್ನು ಒತ್ತಿದರೆ ‘ಕನ್ವರ್ಟ್ ಟು ನಂಬರ್’ ಎಂಬ ಆಯ್ಕೆ ಸಿಗುತ್ತದೆ. ಬರೀ 10, 100 ಬಗೆಯ ಸಂಖ್ಯೆಗಳೇ ಇದ್ದಿದ್ದರೆ ಅಷ್ಟು ಮಾಡಿ ಮುಗಿಸಿ ಎನ್ನುತ್ತಿದ್ದೆ. ಸಾರ್ಟ್ ಮಾಡುವಾಗ, ಸಂಖ್ಯೆಯಂತೆ ಕಾಣುವುದನ್ನೆಲ್ಲ ಸಂಖ್ಯೆಯೆಂದೇ ಪರಿಗಣಿಸಬೇಕೇ ಎಂದು ಎಕ್ಸೆಲ್ ಕೇಳುವುದೂ ಉಂಟು, ಹೌದು ಎಂದರೆ ಆ ಬಾರಿಗೆ ಕ್ರಮ ಸರಿಹೋಗುತ್ತದೆ. ಆದರೆ ಒಳಗಿನ ಬರಹ ಬರಹವಾಗಿಯೇ ಉಳಿಯುವುದರಿಂದ ಮುಂದಿನ ಬಾರಿ ಅದೇ ಕಥೆ.

ನಿಮ್ಮ ಪಟ್ಟಿಗೆ ಇದು ಸಾಲದು, ಏಕೆಂದರೆ ಅದರಲ್ಲಿ ಓರೆಗೆರೆಯ ಸಂಖ್ಯೆಗಳಿವೆ. 12/3 ಎಂದು ಟೈಪ್ ಮಾಡಿದ ಕ್ಷಣವೇ ಎಕ್ಸೆಲ್ ಅದನ್ನು ಮಾರ್ಚ್ 12 ಎಂದು ಓದಿಕೊಳ್ಳುತ್ತದೆ. ತೋರಿಕೆಯಷ್ಟೇ ಬದಲಾಗಿದ್ದರೆ ಚಿಂತೆಯಿರಲಿಲ್ಲ, ಒಳಗಿನ ಬೆಲೆಯೇ ಬದಲಾಗುತ್ತದೆ. ಎಕ್ಸೆಲ್ ತಾರೀಖನ್ನು 1900ರ ಜನವರಿ 1ನ್ನು 1 ಎಂದು ಹಿಡಿದು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದರಿಂದ, 2024ರಲ್ಲಿ 12/3 ಎಂದು ಟೈಪ್ ಮಾಡಿದ ಸೆಲ್‌ನ ಒಳಗೆ 45363 ಎಂಬ ಸಂಖ್ಯೆ ಕೂತಿರುತ್ತದೆ. ಆಮೇಲೆ ಆ ಸೆಲ್‌ನ ಫಾರ್ಮ್ಯಾಟನ್ನು ಟೆಕ್ಸ್ಟ್ ಎಂದು ಬದಲಿಸಿದರೆ 12/3 ಮರಳುವುದಿಲ್ಲ, ಆ 45363 ಹೊರಗೆ ಬರುತ್ತದೆ. ಸಾರ್ಟ್ ಮಾಡಿದಾಗ ಈ ಸದಸ್ಯರು 347ನೇ ಸದಸ್ಯರನ್ನೂ ದಾಟಿ ನಿಲ್ಲುವುದು ಇದೇ ಕಾರಣಕ್ಕೆ. ಇದು ನಿಮ್ಮೊಬ್ಬರ ಪಾಡಲ್ಲ. ಮನುಷ್ಯನ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ, ಎಕ್ಸೆಲ್‌ನಲ್ಲಿ ತಾರೀಖಾಗಿ ಮಾರ್ಪಡುತ್ತಿದ್ದ ‘ಮಾರ್ಚ್1’, ‘ಸೆಪ್ಟ್1’ ಎಂಬಂಥ ವಂಶವಾಹಿಗಳ ಸಂಕ್ಷಿಪ್ತ ಹೆಸರುಗಳನ್ನೇ ಬದಲಿಸಿ 2020ರಲ್ಲಿ ತನ್ನ ಹೊಸ ಮಾರ್ಗಸೂಚಿಯನ್ನು ಪ್ರಕಟಿಸಿತು.

ತಾರೀಖಾಗಿರುವ ಸೆಲ್‌ಗಳನ್ನು ಸೂತ್ರದಿಂದ ಹಿಂದಿರುಗಿಸುವ ದಾರಿ ಇದೆ. ದಿನವನ್ನೂ ತಿಂಗಳನ್ನೂ ಬೇರೆಬೇರೆಯಾಗಿ ತೆಗೆದು ನಡುವೆ ಓರೆಗೆರೆ ಇಟ್ಟರೆ 12/3 ಬರುತ್ತದೆ. ಆದರೂ ನಾನು ಅದನ್ನು ಸಲಹೆ ಮಾಡುವುದಿಲ್ಲ. ಪಟ್ಟಿಯನ್ನು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ತುಂಬಿದ್ದು, ಅವುಗಳಲ್ಲೊಂದು ತಿಂಗಳನ್ನು ಮೊದಲು ಓದುವ ಅಮೆರಿಕದ ಪದ್ಧತಿಯಲ್ಲಿದ್ದರೆ ಮೂರನೇ ಸದಸ್ಯರ ಹನ್ನೆರಡನೇ ಭಾಗ ಹನ್ನೆರಡನೇ ಸದಸ್ಯರ ಮೂರನೇ ಭಾಗವಾಗುತ್ತದೆ. ಇಂಥ ಸೆಲ್‌ಗಳು ನಿಮ್ಮಲ್ಲಿ ಹೆಚ್ಚಿರಲಾರವು. ಸದಸ್ಯತ್ವದ ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು, ಆ ಸೆಲ್‌ಗಳ ಫಾರ್ಮ್ಯಾಟನ್ನು ಮೊದಲು ಟೆಕ್ಸ್ಟ್ ಮಾಡಿ, ಆನಂತರ ಕೈಯಿಂದಲೇ ಮತ್ತೆ ಟೈಪ್ ಮಾಡಿ. ಈ ಕೆಲಸ ಮುಗಿಯುವ ತನಕ ‘ಟೆಕ್ಸ್ಟ್ ಟು ಕಾಲಮ್ಸ್’ ಉಪಾಯವನ್ನು ಬಳಸಬೇಡಿ. ಬರಹವಾಗಿರುವ ಸಂಖ್ಯೆಗಳನ್ನು ಒಂದೇ ಏಟಿಗೆ ನಿಜವಾದ ಸಂಖ್ಯೆ ಮಾಡುತ್ತದೆ ಎಂದು ಬಹಳ ಜನ ಅದನ್ನು ಹೇಳಿಕೊಡುತ್ತಾರೆ, ನಿಜವೂ ಹೌದು. ಆದರೆ ಇಲ್ಲಿಯವರೆಗೆ ಹೇಗೋ ಬರಹವಾಗಿ ಬಚಾವಾಗಿದ್ದ ಓರೆಗೆರೆಯ ಸಂಖ್ಯೆಗಳನ್ನೂ ಅದು ಅದೇ ಏಟಿಗೆ ತಾರೀಖು ಮಾಡಿಬಿಡುತ್ತದೆ. ‘ಫೈಂಡ್ ಅಂಡ್ ರಿಪ್ಲೇಸ್’ ಬಳಸಿ ಕನ್ನಡ ಅಂಕಿಗಳನ್ನು ಬದಲಿಸಲು ಹೋದರೂ ಇದೇ ಅಪಾಯ. ಬದಲಿಸಿದ ಸೆಲ್ಲನ್ನು ಎಕ್ಸೆಲ್ ಹೊಸದಾಗಿ ಟೈಪ್ ಮಾಡಿದಂತೆ ಪುನಃ ಓದಿಕೊಳ್ಳುವುದರಿಂದ, ೧೨/೩ ಎಂದಿದ್ದದ್ದು 12/3 ಆಗಿ ನಿಲ್ಲದೆ ನೇರವಾಗಿ ಮಾರ್ಚ್ ತಿಂಗಳಿಗೆ ಹೋಗುತ್ತದೆ.

ಆದ್ದರಿಂದ ನನ್ನ ಸಲಹೆ ಇದು: ರಿಜಿಸ್ಟರಿನಲ್ಲಿರುವ ಸದಸ್ಯ ಸಂಖ್ಯೆಯನ್ನು ಅದಿರುವಂತೆಯೇ ಒಂದು ಕಾಲಂನಲ್ಲಿ ಬರಹವಾಗಿ ಉಳಿಸಿಕೊಳ್ಳಿ, ಕ್ರಮಕ್ಕೆ ಬೇಕಾದುದನ್ನು ಪಕ್ಕದ ಕಾಲಂಗಳಲ್ಲಿ ಸೂತ್ರದಿಂದ ಹುಟ್ಟಿಸಿಕೊಳ್ಳಿ. ಸದಸ್ಯ ಸಂಖ್ಯೆಯ ಮೇಲೆ ನಾವು ಕೂಡುವುದು, ಕಳೆಯುವುದು ಏನನ್ನೂ ಮಾಡುವುದಿಲ್ಲ. ಅದು ಅಂಕಿಗಳಲ್ಲಿ ಬರೆದ ಹೆಸರು. ಸಾರ್ಟ್ ಸರಿಯಾಗಲಿ ಎಂದು ಒಬ್ಬರ ಹೆಸರನ್ನು ತಿದ್ದುವುದು ಸರಿಯಲ್ಲ. 112/1 ಎಂಬುದನ್ನು 112.1 ಎಂದು ಬರೆದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಹತ್ತನೇ ಭಾಗ ಬಂದಾಗ 112.10 ಎಂಬುದು 112.1 ಆಗಿಯೇ ಉಳಿಯುತ್ತದೆ, ಇಬ್ಬರು ಸದಸ್ಯರು ಒಬ್ಬರಾಗುತ್ತಾರೆ.

ಮೂಲ ಸಂಖ್ಯೆಯ ಕಾಲಂ ಪಕ್ಕದಲ್ಲಿ ಮೂರು ಕಾಲಂ ತೆರೆಯಿರಿ, ಅವನ್ನು ಶುದ್ಧ, ಮುಖ್ಯ, ಉಪ ಎಂದು ಕರೆಯೋಣ. ಶುದ್ಧ ಎಂಬ ಕಾಲಂನಲ್ಲಿ ‘ಸಬ್‌ಸ್ಟಿಟ್ಯೂಟ್’ ಎಂಬ ಫಂಕ್ಷನ್ನನ್ನು ಒಂದರೊಳಗೊಂದು ಹತ್ತು ಬಾರಿ ಜೋಡಿಸಿ, ೦ಯಿಂದ ೯ರವರೆಗಿನ ಪ್ರತಿ ಕನ್ನಡ ಅಂಕಿಯ ಜಾಗಕ್ಕೆ 0ಯಿಂದ 9ರವರೆಗಿನ ಅಂಕಿಯನ್ನು ತನ್ನಿ. ಸೂತ್ರ ಉದ್ದವಾಗುತ್ತದೆ, ಆದರೆ ಒಮ್ಮೆ ಬರೆದು ಕೆಳಗೆ ಎಳೆದರೆ ಮುಗಿಯಿತು. ಈ ಫಂಕ್ಷನ್ ಕೊಡುವ ಉತ್ತರ ಯಾವಾಗಲೂ ಬರಹವೇ ಆದ್ದರಿಂದ ತಾರೀಖಿನ ಭಯ ಇಲ್ಲಿಲ್ಲ. ಹನ್ನೊಂದನೆಯದಾಗಿ ಇನ್ನೊಂದು ಬದಲಾವಣೆಯನ್ನೂ ಸೇರಿಸಿ, ಇದು ಕನ್ನಡ, ತೆಲುಗಿನಂಥ ಲಿಪಿಗಳಿಗೆ ವಿಶೇಷವಾದದ್ದು. ಕನ್ನಡದ ಸೊನ್ನೆಯೂ ಅನುಸ್ವಾರವೂ ಪರದೆಯ ಮೇಲೆ ಒಂದೇ ರೀತಿ ದುಂಡಗೆ ಕಾಣುತ್ತವೆ, ಆದರೆ ಪ್ರತಿ ಅಕ್ಷರಕ್ಕೂ ಒಂದೊಂದು ಸಂಕೇತಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಕೇತ 3202, ಸೊನ್ನೆಯದು 3302. ಅವಸರದಲ್ಲಿ ಟೈಪ್ ಮಾಡುವವರು ೧೦ ಎಂಬಲ್ಲಿ ಒಂದರ ಮುಂದೆ ಅನುಸ್ವಾರ ಒತ್ತಿರುವುದನ್ನು ನಾನು ಎಷ್ಟೋ ಪಟ್ಟಿಗಳಲ್ಲಿ ಕಂಡಿದ್ದೇನೆ. ಎಷ್ಟು ದಿಟ್ಟಿಸಿದರೂ ಕಣ್ಣಿಗೆ ಸಿಗದ ತಪ್ಪು ಇದು. ಆದ್ದರಿಂದ ಅನುಸ್ವಾರದ ಜಾಗಕ್ಕೂ 0 ಬರುವಂತೆ ಮಾಡಿ. ಕೊನೆಯಲ್ಲಿ ಖಾಲಿ ಜಾಗಗಳನ್ನು ತೆಗೆಯಲು ‘ಟ್ರಿಮ್’ ಬಳಸಿ. ಅಂತರ್ಜಾಲದ ಪುಟಗಳಿಂದ ನಕಲು ಮಾಡಿ ತಂದ ಪಟ್ಟಿಗಳಲ್ಲಿ 160 ಎಂಬ ಸಂಕೇತದ ಒಂದು ಬಗೆಯ ಖಾಲಿ ಜಾಗ ಬರುತ್ತದೆ. ಅದನ್ನು ‘ಟ್ರಿಮ್’ ಮುಟ್ಟುವುದಿಲ್ಲ, ಅದಕ್ಕೂ ಒಂದು ‘ಸಬ್‌ಸ್ಟಿಟ್ಯೂಟ್’ ಬೇಕು. ಅನುಮಾನ ಬಂದ ಸೆಲ್‌ನ ಮೇಲೆ, ಅಕ್ಷರಗಳನ್ನು ಎಣಿಸುವ ‘ಲೆನ್’ ಫಂಕ್ಷನ್ ಹಾಕಿ ನೋಡಿ. ಮೂರು ಅಂಕಿಯ ಸಂಖ್ಯೆಗೆ ನಾಲ್ಕು ಎಂಬ ಉತ್ತರ ಬಂದರೆ ಕಾಣದ ಅಕ್ಷರವೊಂದು ಒಳಗಿದೆ ಎಂದೇ ಅರ್ಥ.

ಮುಖ್ಯ ಎಂಬ ಕಾಲಂನಲ್ಲಿ ಓರೆಗೆರೆಯ ಎಡಗಡೆಯ ಭಾಗ, ಉಪ ಎಂಬುದರಲ್ಲಿ ಬಲಗಡೆಯ ಭಾಗ ಬರಬೇಕು. ಓರೆಗೆರೆ ಎಲ್ಲಿದೆ ಎಂದು ‘ಫೈಂಡ್’ ಫಂಕ್ಷನ್ ಹೇಳುತ್ತದೆ, ಆದರೆ ಓರೆಗೆರೆಯೇ ಇಲ್ಲದ ಸಾಮಾನ್ಯ ಸಂಖ್ಯೆಗಳಲ್ಲಿ ಅದು ದೋಷ ತೋರಿಸುತ್ತದೆ. ಇದಕ್ಕೆ ಸುಲಭದ ಉಪಾಯವೆಂದರೆ ಹುಡುಕುವ ಮೊದಲು ಪ್ರತಿ ಸಂಖ್ಯೆಯ ಕೊನೆಗೂ ಸೂತ್ರದೊಳಗೇ ಒಂದು ಓರೆಗೆರೆ ಅಂಟಿಸಿಬಿಡುವುದು. ಆಗ 45 ಎಂಬುದು 45/ ಆಗುತ್ತದೆ, ‘ಫೈಂಡ್’ ಯಾವ ಸಾಲಿನಲ್ಲೂ ಸೋಲುವುದಿಲ್ಲ. ಸಿಕ್ಕ ಸ್ಥಾನಕ್ಕಿಂತ ಒಂದು ಕಡಿಮೆ ಅಕ್ಷರಗಳನ್ನು ‘ಲೆಫ್ಟ್’ನಿಂದ ತೆಗೆದು ‘ವ್ಯಾಲ್ಯೂ’ಗೆ ಕೊಟ್ಟರೆ ಮುಖ್ಯ ಸಂಖ್ಯೆ ನಿಜವಾದ ಸಂಖ್ಯೆಯಾಗಿ ಬರುತ್ತದೆ. ಓರೆಗೆರೆಯ ನಂತರದ ಭಾಗವನ್ನು, ಕೊನೆಗೆ ಅಂಟಿಸಿದ ಓರೆಗೆರೆ ಸೇರದಂತೆ ಶುದ್ಧ ಕಾಲಂನಿಂದಲೇ, ‘ಮಿಡ್’ ಬಳಸಿ ತೆಗೆಯಿರಿ. ಉಪಸಂಖ್ಯೆ ಇಲ್ಲದವರಿಗೆ ಇಲ್ಲಿ ಏನೂ ಸಿಗದೆ ‘ವ್ಯಾಲ್ಯೂ’ ದೋಷ ಕೊಡುತ್ತದೆ, ಹಾಗಾಗಿ ಅದರ ಮುಂದೆ ಒಂದು ಸೊನ್ನೆಯನ್ನು ಅಂಟಿಸಿ ಕೊಡಿ. 3 ಎಂಬುದು 03 ಆದರೂ ಬೆಲೆ ಮೂರೇ, ಏನೂ ಇಲ್ಲದಿದ್ದರೆ ಬೆಲೆ ಸೊನ್ನೆ. ಇಡೀ 12/3ನ್ನು ‘ವ್ಯಾಲ್ಯೂ’ಗೆ ಕೊಡಬೇಡಿ, ಅದು ಮತ್ತೆ ತಾರೀಖಿನ ಎಣಿಕೆಯನ್ನೇ ಕೊಡುತ್ತದೆ. ಮೊದಲು ಭಾಗ ಮಾಡಿ, ಆಮೇಲೆ ಸಂಖ್ಯೆ ಮಾಡಿ.

ಈಗ ಇಡೀ ಕೋಷ್ಟಕವನ್ನು ಆರಿಸಿ, ‘ಕಸ್ಟಮ್ ಸಾರ್ಟ್’ ತೆರೆದು ಮೊದಲ ಹಂತಕ್ಕೆ ಮುಖ್ಯ, ‘ಆಡ್ ಲೆವೆಲ್’ ಒತ್ತಿ ಎರಡನೇ ಹಂತಕ್ಕೆ ಉಪ ಕೊಡಿ. 112 ಮೊದಲು, ಅದರ ಕೆಳಗೆ 112/1, 112/2, ಬೇಕಾದರೆ 112/10 ಕೂಡ ಸರಿಯಾದ ಜಾಗದಲ್ಲೇ ಬರುತ್ತದೆ. ಪಹಣಿಯ ಸರ್ವೆ ನಂಬರು, ಹಿಸ್ಸಾ ನಂಬರುಗಳ ಪಟ್ಟಿಗೂ ಇದೇ ವಿಧಾನ ಒಪ್ಪುತ್ತದೆ. ಅಲ್ಲಿ ಹಿಸ್ಸಾ ಜೊತೆಗೆ ಅಕ್ಷರವೂ ಇದ್ದರೆ ಅದಕ್ಕೆ ಮೂರನೇ ಹಂತ ಬೇಕಾಗುತ್ತದೆ. ಎಕ್ಸೆಲ್ ಬದಲು ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರಾದರೆ ಅದರ ಸಾರ್ಟ್ ಆಯ್ಕೆಗಳಲ್ಲಿ ‘ನ್ಯಾಚುರಲ್ ಸಾರ್ಟ್’ ಎಂಬುದೊಂದಿದೆ. ಬರಹದೊಳಗಿನ ಅಂಕಿಗಳ ಗುಂಪನ್ನು ಅದು ತಾನೇ ಸಂಖ್ಯೆಯಾಗಿ ಓದಿಕೊಳ್ಳುತ್ತದೆ.

ಪಟ್ಟಿಯ ಇನ್ನೆರಡು ಕಾಲಂಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸದಸ್ಯ ಸಂಖ್ಯೆ ಸರಿಯಾದ ಉತ್ಸಾಹದಲ್ಲಿ ಬ್ಯಾಂಕ್ ಖಾತೆಯ ಕಾಲಂನಲ್ಲಿ ಕಾಣುವ ಹಸಿರು ತ್ರಿಕೋನಗಳನ್ನೂ ಒತ್ತಿ ಸಂಖ್ಯೆ ಮಾಡಿಬಿಡಬೇಡಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಹಿಡಿದಿಡಬಲ್ಲದು. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಖಾತೆ ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆಯೂ ಹೋಗುತ್ತದೆ, ಎರಡನ್ನೂ ಮರಳಿ ಪಡೆಯಲಾಗದು. ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆಯೂ ಬರಹವಾಗಿಯೇ ಇರಲಿ. ಇಲ್ಲದಿದ್ದರೆ ಅದು 1.2E+11 ಎಂಬಂಥ ಘಾತ ಸೂಚಕದ ರೂಪದಲ್ಲಿ ಮುದ್ರಣವಾಗಿ, ಯಾವ ಹಸು ಎಂದು ತಿಳಿಯದಂತಾಗುತ್ತದೆ.

ಇನ್ನು ನಿಮ್ಮ ಅಣ್ಣನ ಮಗ ಮಾಡಿರುವ ಪುಟ. ಬ್ರೌಸರಿನಲ್ಲಿ ನಡೆಯುವ ಪುಟವಾದ್ದರಿಂದ ಅದು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದೆ ಎಂದುಕೊಳ್ಳುತ್ತೇನೆ. ಆ ಭಾಷೆಯ ‘ಸಾರ್ಟ್’ಗೆ ಹೇಗೆ ಹೋಲಿಸಬೇಕೆಂದು ಹೇಳದಿದ್ದರೆ, ನಿಜವಾದ ಸಂಖ್ಯೆಗಳನ್ನೇ ಕೊಟ್ಟರೂ ಅವನ್ನು ಬರಹ ಮಾಡಿಕೊಂಡು ಅಕ್ಷರಸಂಕೇತಗಳ ಪ್ರಕಾರ ಜೋಡಿಸುತ್ತದೆ, 1, 9, 10 ಎಂಬುದು 1, 10, 9 ಆಗುತ್ತದೆ. ಕಲಿಯುವ ಹುಡುಗರು ಮಾತ್ರವಲ್ಲ, ಅನುಭವಸ್ಥರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಒಂದಂಕಿಯ ಸಂಖ್ಯೆಗಳಿಂದ ಪರೀಕ್ಷಿಸಿದಾಗ ತಪ್ಪು ಕಾಣಿಸುವುದೇ ಇಲ್ಲ. ಬರೀ ಸಂಖ್ಯೆಗಳಾದರೆ ಒಂದರಿಂದ ಇನ್ನೊಂದನ್ನು ಕಳೆಯುವ ಹೋಲಿಕೆಯ ಫಂಕ್ಷನ್ ಕೊಟ್ಟರೆ ಸಾಕು. ನಿಮ್ಮ ಪಟ್ಟಿಯಲ್ಲಿ ಓರೆಗೆರೆಯೂ ಕನ್ನಡ ಅಂಕಿಯೂ ಇರುವುದರಿಂದ ಅದು ನಡೆಯದು. ‘೧೨’ ಎಂಬ ಬರಹವನ್ನು ಜಾವಾಸ್ಕ್ರಿಪ್ಟ್‌ನ ‘ನಂಬರ್’ಗೆ ಕೊಟ್ಟರೆ ಅದು ಸಂಖ್ಯೆಯೇ ಅಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರದಿಂದ ಕಳೆದರೆ ಕ್ರಮ ಹದಗೆಡುತ್ತದೆ, ದೋಷದ ಸೂಚನೆಯೂ ಕಾಣಿಸುವುದಿಲ್ಲ. ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಈ ವಿಷಯದಲ್ಲಿ ಉದಾರಿ, ಅದರ ‘ಇಂಟ್’ ಫಂಕ್ಷನ್ ೧೨ನ್ನು ಹನ್ನೆರಡೆಂದೇ ಓದುತ್ತದೆ.

ಕನ್ನಡ ಅಂಕಿಗಳು ಆ ಪುಟದಲ್ಲಿ ಎಲ್ಲಕ್ಕಿಂತ ಕೊನೆಗೆ ಹೋಗಲು ಕಾರಣವನ್ನೂ ಹುಡುಗನಿಗೆ ತಿಳಿಸಿ. 0ಯಿಂದ 9ರವರೆಗಿನ ಅಂಕಿಗಳ ಸಂಕೇತಗಳು 48ರಿಂದ 57, ಕನ್ನಡ ವರ್ಣಮಾಲೆಯ ‘ಅ’ 3205, ‘ಹ’ 3257, ಆದರೆ ಕನ್ನಡ ಅಂಕಿಗಳು 3302ರಿಂದ 3311. ಬರೀ ಸಂಕೇತ ನೋಡಿ ಜೋಡಿಸಿದರೆ ನಮ್ಮ ಅಂಕಿಗಳು ನಮ್ಮ ಅಕ್ಷರಗಳನ್ನೂ ದಾಟಿ ನಿಲ್ಲುತ್ತವೆ. ಯೂನಿಕೋಡ್‌ನ ವಿಂಗಡಣೆಯ ನಿಯಮಗಳು ಇದನ್ನು ಸರಿಯಾಗಿ ನೋಡಿಕೊಳ್ಳುತ್ತವೆ, ಅವುಗಳ ಲೆಕ್ಕದಲ್ಲಿ ೭ ಮತ್ತು 7 ಎರಡಕ್ಕೂ ಒಂದೇ ಪ್ರಾಥಮಿಕ ತೂಕ, ಅಂದರೆ ಕ್ರಮದಲ್ಲಿ ಮೊದಲು ನೋಡುವ ಬೆಲೆ ಎರಡಕ್ಕೂ ಒಂದೇ. ಬ್ರೌಸರಿನೊಳಗೇ ಇರುವ ‘ಇಂಟ್ಲ್ ಕೊಲೇಟರ್’ ಎಂಬ ಸೌಲಭ್ಯಕ್ಕೆ ಭಾಷೆ ಕನ್ನಡ ಎಂದೂ, ‘ನ್ಯೂಮರಿಕ್’ ಆಯ್ಕೆ ಹೌದು ಎಂದೂ ಹೇಳಿ ಅದರ ಹೋಲಿಕೆಯನ್ನು ‘ಸಾರ್ಟ್’ಗೆ ಕೊಟ್ಟರೆ 112/2 ಮೊದಲು, 112/10 ಆಮೇಲೆ ಬರುತ್ತದೆ, ಕನ್ನಡ ಅಂಕಿಯ ಸದಸ್ಯರೂ ತಮ್ಮ ತಮ್ಮ ಜಾಗಕ್ಕೆ ಬಂದು ಸೇರುತ್ತಾರೆ. ಒಂದು ಸಣ್ಣ ಸಂತೋಷದ ಸಂಗತಿ: ಯೂನಿಕೋಡ್ ಪದ್ಧತಿಯಲ್ಲಿ ಅಂಕಿಗಳನ್ನು ಬೆಲೆಯಂತೆ ಜೋಡಿಸು ಎಂಬ ಆಯ್ಕೆಯ ಸಂಕೇತ ‘ಕೆಎನ್’, ಕನ್ನಡ ಭಾಷೆಯ ಸಂಕೇತವೂ ‘ಕೆಎನ್’. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ನಲ್ಲಿ ಈ ಎರಡನ್ನೂ ಸೇರಿಸಿ ಬರೆಯುವಾಗ, ಯಾವುದು ಭಾಷೆ, ಯಾವುದು ಆಯ್ಕೆ ಎಂದು ಗೊಂದಲವಾಗದಂತೆ ಪಕ್ಕದಲ್ಲೊಂದು ಟಿಪ್ಪಣಿ ಹಾಕಿಡಲಿ.

ಪಟ್ಟಿಯನ್ನು ಡೇಟಾಬೇಸ್‌ನಲ್ಲಿ ಇಟ್ಟಿದ್ದರೆ ಅಲ್ಲೂ ಮುಖ್ಯ, ಉಪ ಎಂಬ ಎರಡು ಸಂಖ್ಯಾ ಕಾಲಂಗಳನ್ನು ಮಾಡಿ ಅವುಗಳ ಮೇಲೆಯೇ ಕ್ರಮ ಕೇಳುವುದು ಒಳ್ಳೆಯದು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ ಬರಹಕ್ಕೆ ಸೊನ್ನೆ ಕೂಡಿಸಿ ಸಂಖ್ಯೆ ಮಾಡುವ ಅಡ್ಡದಾರಿ 112/1 ಮತ್ತು 112/2 ಎರಡನ್ನೂ 112 ಎಂದೇ ಓದುತ್ತದೆ. ಎಸ್‌ಕ್ಯುಲೈಟ್ ಎಂಬ ಇನ್ನೊಂದು ಡೇಟಾಬೇಸ್ ಒಂದೇ ಕಾಲಂನಲ್ಲಿ ಸಂಖ್ಯೆ, ಬರಹ ಎರಡನ್ನೂ ಇರಗೊಟ್ಟು, ಸಂಖ್ಯೆಗಳನ್ನು ಮೊದಲು, ಬರಹಗಳನ್ನು ಆಮೇಲೆ ಇಡುವುದರಿಂದ ನಿಮ್ಮ ಎಕ್ಸೆಲ್‌ನ ಎರಡು ಗುಂಪುಗಳೇ ಅಲ್ಲೂ ಕಾಣಿಸಿಕೊಳ್ಳಬಹುದು.

ಹೀಗೆ ಬರಹದೊಳಗಿನ ಅಂಕಿಗಳನ್ನು ಗುಂಪುಗುಂಪಾಗಿ ಬೆಲೆಯಂತೆ ಓದುವ ಪದ್ಧತಿಯನ್ನು ದಶಮಾಂಶಗಳಿಗೆ ಮಾತ್ರ ಹಚ್ಚಬೇಡಿ. 99.5 ಮತ್ತು 99.25 ಎಂಬ ಎರಡು ನೀರಿನ ಮಟ್ಟಗಳನ್ನು ಅದು ಓದಿದರೆ, ಚುಕ್ಕಿಯ ನಂತರ 5 ಮತ್ತು 25 ಎಂಬ ಎರಡು ಸಂಖ್ಯೆಗಳಿವೆ ಎಂದು ತಿಳಿದು 99.25 ಹೆಚ್ಚು ಎನ್ನುತ್ತದೆ. ಸಾಫ್ಟ್‌ವೇರ್‌ಗಳ ಆವೃತ್ತಿ ಸಂಖ್ಯೆಗಳಿಗೆ ಆ ಓದು ಸರಿ, 5.9ರ ನಂತರ 5.10 ಬರಬೇಕು. ಹಾಲಿನ ಫ್ಯಾಟ್, ಲೀಟರು, ರೂಪಾಯಿಗಳಿಗೆ ಅದು ತಪ್ಪು, ಅವು ಯಾವಾಗಲೂ ನಿಜವಾದ ಸಂಖ್ಯೆಗಳಾಗಿಯೇ ಇರಬೇಕು.

ಎಲ್ಲ ಮುಗಿದ ಮೇಲೆ, ಬಟವಾಡೆಗೆ ಮೊದಲು ಪರಿಶೀಲಿಸಿ. ಸಾಲುಗಳು 347 ಇವೆಯೇ, ಸಾರ್ಟ್‌ಗೆ ಮುಂಚೆ ಇದ್ದ ಒಟ್ಟು ಲೀಟರು ಈಗಲೂ ಅಷ್ಟೇ ಇದೆಯೇ ಎಂದು ನೋಡಿ. ಮೊತ್ತ ಸರಿಯಿದ್ದ ಮಾತ್ರಕ್ಕೆ ಸಾಲುಗಳು ಅದಲುಬದಲಾಗಿಲ್ಲ ಎಂದು ಹೇಳಲಾಗದು, ಆದ್ದರಿಂದ ಮೊದಲಿನ ಒಬ್ಬರು, ಕೊನೆಯ ಒಬ್ಬರು, ಓರೆಗೆರೆಯ ಇಬ್ಬರು, ಕನ್ನಡ ಅಂಕಿಯಲ್ಲಿದ್ದ ಇಬ್ಬರು, ಇಷ್ಟು ಮಂದಿಯ ಪಾಸ್ ಪುಸ್ತಕ ತರಿಸಿ ಹೆಸರು, ಖಾತೆ ಸಂಖ್ಯೆಗಳನ್ನು ಸಾಲಿನೊಂದಿಗೆ ತಾಳೆ ಹಾಕಿ.

ಕನ್ನಡ ಅಂಕಿಯನ್ನು ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಡಿ. ನಿಮಗಿಂತ ಹಿಂದೆ ಇದ್ದವರು ಕನ್ನಡ ಅಂಕಿ ಬಳಸಿದ್ದು ತಪ್ಪಲ್ಲ, ಲೆಕ್ಕ ಹಾಕುವ ಕಾಲಂನಲ್ಲೇ ಎರಡನ್ನೂ ಬೆರೆಸಿದ್ದು ತೊಂದರೆಯಾಯಿತು, ಅಷ್ಟೇ. ಲೆಕ್ಕ ಮತ್ತು ಕ್ರಮ ಮುಖ್ಯ, ಉಪ ಕಾಲಂಗಳಲ್ಲಿ ನಡೆಯಲಿ. ಗೋಡೆಗೆ ಅಂಟಿಸುವ ಹಾಳೆಗಾಗಿ ಇನ್ನೊಂದು ಕಾಲಂ ಇಟ್ಟು, ಮೊದಲು ಮಾಡಿದ ಬದಲಾವಣೆಯನ್ನೇ ತಿರುಗಿಸಿ 0ಯಿಂದ 9ರ ಜಾಗಕ್ಕೆ ೦ಯಿಂದ ೯ ಬರುವ ಸೂತ್ರ ಬರೆಯಿರಿ, ಮುದ್ರಿಸುವಾಗ ಆ ಕಾಲಂ ಮಾತ್ರ ಕಾಣುವಂತೆ ಉಳಿದವನ್ನು ಮರೆಮಾಡಿ. ಮೊಬೈಲ್ ಪುಟದಲ್ಲಿ ಇದು ಇನ್ನೂ ಸುಲಭ. ಬ್ರೌಸರಿನ ‘ನಂಬರ್ ಫಾರ್ಮ್ಯಾಟ್’ ಸೌಲಭ್ಯಕ್ಕೆ ಅಂಕಿ ಪದ್ಧತಿ ‘ಕೆಎನ್‌ಡಿಎ’ ಎಂದು ಹೇಳಿದರೆ ಒಳಗಿನ 112 ಪರದೆಯ ಮೇಲೆ ೧೧೨ ಆಗಿ ಕಾಣುತ್ತದೆ, ಉಪಸಂಖ್ಯೆಯನ್ನೂ ಹಾಗೆಯೇ ತೋರಿಸಿ ನಡುವೆ ಓರೆಗೆರೆ ಇಟ್ಟರಾಯಿತು. ಕನ್ನಡ ಅಂಕಿಯನ್ನಷ್ಟೇ ಓದಬಲ್ಲ ಹಿರಿಯ ಸದಸ್ಯರು ನಿಮ್ಮಲ್ಲಿ ಇದ್ದರೆ, ಮುಂದಿನ ಬಟವಾಡೆಯ ಪಟ್ಟಿಯನ್ನು ಮೊದಲು ಅವರೊಬ್ಬರ ಕೈಗೆ ಕೊಟ್ಟು, ಯಾರ ಸಹಾಯವೂ ಇಲ್ಲದೆ ಅವರ ಸಾಲು ಅವರಿಗೆ ಸಿಗುತ್ತದೆಯೇ ಎಂದು ನೋಡಿ. ಸಿಗದಿದ್ದರೆ ಎಲ್ಲಿ ತಡವರಿಸಿದರು ಎಂಬುದನ್ನು ಗುರುತು ಹಾಕಿಕೊಂಡು ನನಗೆ ಮತ್ತೆ ಬರೆಯಿರಿ.